ಅರ್ಧ ಹಾಳೆ

ಆಸ್ಪತ್ರೆಯ ಒಗೆತದ ಕೋಣೆಯಲ್ಲಿ ಒಂದು ಚಾದರ ಮಡಿಸಲು ಇಬ್ಬರು ಬೇಕು. ಈ ತುದಿಗೊಬ್ಬಳು, ಆ ತುದಿಗೊಬ್ಬಳು ನಿಂತು, ಎಳೆದು ಬಿಗಿ ಮಾಡಿ, ಎದುರೆದುರು ನಡೆದು ಬಂದು ಅಂಚಿಗೆ ಅಂಚು ಸೇರಿಸಬೇಕು. ಹದಿನಾಲ್ಕು ವರ್ಷದಿಂದ ಹೀಗೆ ನಡೆದು ಬಂದವರು ದೊಡ್ಡಕ್ಕ, ಚಿಕ್ಕಕ್ಕ. ಹೆಸರಿಗಷ್ಟೇ ಅಕ್ಕಂದಿರು, ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆ ಸೇರಿದ ಓರಗಿತ್ತಿಯರು. ಓರಗಿತ್ತಿಯರು ಹೊಂದಿಕೊಂಡು ಹೋಗುವುದೆಂದರೆ ಹಾವು ಮುಂಗುಸಿ ಒಂದೇ ತಟ್ಟೆಯಲ್ಲಿ ಉಂಡಂತೆ ಎಂದು ಅಲ್ಲಿಯವರೆಲ್ಲ ಕಣ್ಣರಳಿಸುತ್ತಿದ್ದರು. ದೃಷ್ಟಿ ತಾಗಿತೋ ಏನೋ.

ಒಗೆತವನ್ನೆಲ್ಲ ಹೊರಗಿನ ಕಂಪನಿಗೆ ಕೊಡುತ್ತೇವೆ ಎಂಬ ಆದೇಶ ಗೋಡೆಗೆ ಅಂಟಿತು. ಒಬ್ಬರಿಗೆ ಮಾತ್ರ ಕಡತದ ಕೋಣೆಯಲ್ಲಿ ಕೆಲಸ, ಉಳಿದವರು ಮನೆಗೆ. ದೊಡ್ಡಕ್ಕನ ಗಂಡ ಹಾಸಿಗೆ ಹಿಡಿದು ಎರಡು ವರ್ಷ. ನೌಕರರ ಗಂಡ ಮಕ್ಕಳಿಗೆ ಮಾತ್ರ ಆಸ್ಪತ್ರೆ ಪುಕ್ಕಟೆ ಕೊಡುತ್ತಿದ್ದ ಮಾತ್ರೆಯಿಂದಲೇ ಅವನ ಉಸಿರು ನಡೆಯುತ್ತಿತ್ತು. ಕೆಲಸ ಹೋದ ತಿಂಗಳೇ ಮಾತ್ರೆಯೂ ಹೋಗುತ್ತದೆ.

ಕಡತದ ಕೋಣೆಯ ಮುಖ್ಯಸ್ಥರಿಗೆ ಎಲ್ಲರೂ ಇಟ್ಟ ಹೆಸರು ಲ್ಯಾಟಿನ್ ತಾತ. ವೈದ್ಯರ ಮಾತೆಲ್ಲ ಲ್ಯಾಟಿನ್ನಿನಿಂದ ಬಂದದ್ದು, ಬೇರು ಗೊತ್ತಿಲ್ಲದವರ ಕೈಗೆ ರೋಗಿಯ ಕಡತ ಕೊಡಲಾರೆ ಎಂಬುದು ಅವರ ಹಟ. ಹಟವೆಂದರೆ ಉಡದ ಹಿಡಿತ. ಅದಕ್ಕೇ ಪರೀಕ್ಷೆಯಲ್ಲಿ ಇಂಗ್ಲಿಷ್ ಪದಗಳ ಮೂಲ ಹೇಳಬೇಕು, ಒಂದು ಲ್ಯಾಟಿನ್ ಕ್ರಿಯಾಪದದ ಆರು ರೂಪಗಳನ್ನೂ ಒಪ್ಪಿಸಬೇಕು. ಮಿಕ್ಕವರು ವಾರದೊಳಗೆ ಕೈಚೆಲ್ಲಿದರು. ಉಳಿದವರು ಇವರಿಬ್ಬರೇ.

ಇಬ್ಬರಿಗೂ ಸೇರಿ ತಾತ ಕೊಟ್ಟದ್ದು ಒಂದೇ ಹಾಳೆ, ಅದರಲ್ಲಿ ಹೊರುವುದು, ತೊಳೆಯುವುದು ಮುಂತಾದ ಕ್ರಿಯಾಪದಗಳು. ಎಡಗಡೆ ನಾನು, ನೀನು, ಅವನು. ಬಲಗಡೆ ನಾವು, ನೀವು, ಅವರು. ಮನೆಯಲ್ಲಿ ಓದಲು ಪುರುಸೊತ್ತೆಲ್ಲಿ? ಚಿಕ್ಕಕ್ಕ ಹಾಳೆಯನ್ನು ಉದ್ದಕ್ಕೆ ಹರಿದಳು. ಎಡದ ಅರ್ಧ ದೊಡ್ಡಕ್ಕನ ಕಡೆಯ ಗೋಡೆಗೆ, ಬಲದ ಅರ್ಧ ತನ್ನ ಕಡೆಗೆ. ಚಾದರ ಹಿಡಿದು ದೊಡ್ಡಕ್ಕ "ಪೋರ್ತೊ, ಪೋರ್ತಾಸ್, ಪೋರ್ತತ್" ಎನ್ನುತ್ತಾ ಮೂರು ಹೆಜ್ಜೆ ಬಂದರೆ, ಆ ಕಡೆಯಿಂದ "ಪೋರ್ತಾಮುಸ್, ಪೋರ್ತಾತಿಸ್, ಪೋರ್ತಂತ್" ಎನ್ನುತ್ತಾ ಚಿಕ್ಕಕ್ಕ ಬಂದು ಸೇರುತ್ತಿದ್ದಳು. ಹೊರುತ್ತೇನೆ, ಹೊರುತ್ತೀಯೆ, ಹೊರುತ್ತಾನೆ. ಆಸ್ಪತ್ರೆಯ ಪೋರ್ಟರ್ ಇದೇ ಬೇರಿನವನು ಎಂದು ತಿಳಿದ ದಿನ ಇಬ್ಬರೂ ಅವನನ್ನು ನೋಡಿ ನೋಡಿ ನಕ್ಕಿದ್ದರು. ದಿನಕ್ಕೆ ಇನ್ನೂರು ಚಾದರ, ನಲವತ್ತು ದಿನ. ಆರೂ ರೂಪ ಬಾಯಿಗೆ ಬಂತೆಂದು ಇಬ್ಬರೂ ನಂಬಿದರು.

ಪರೀಕ್ಷೆಯ ಬೆಳಿಗ್ಗೆ ಮೊದಲು ಒಳಗೆ ಹೋದವಳು ಚಿಕ್ಕಕ್ಕ. ದೊಡ್ಡಕ್ಕ ಮುಚ್ಚಿದ ಬಾಗಿಲಿಗೆ ಅಂಟಿಕೊಂಡು ನಿಂತಳು. ಪದಗಳ ಮೂಲವನ್ನೆಲ್ಲ ಚಿಕ್ಕಕ್ಕ ಪಟಪಟ ಹೇಳಿದಳು. ಲಾಂಡ್ರಿ, ಲ್ಯಾವಟರಿ ಎರಡೂ ಒಂದೇ ತಾಯಿಯ ಮಕ್ಕಳು ಎಂದಾಗ ತಾತ ನಕ್ಕದ್ದೂ ಕೇಳಿಸಿತು.

"ಸರಿ. ಅದೇ ಕ್ರಿಯಾಪದ, ತೊಳೆಯೋದು. ಆರೂ ರೂಪ ಹೇಳಮ್ಮ."

ಒಳಗೆ ಸದ್ದಿಲ್ಲ.

ದೊಡ್ಡಕ್ಕನಿಗೆ ಆಗ ಹೊಳೆಯಿತು. ಇವಳಿಗೆ ಶುರು ಮಾಡಲು ಬರುವುದಿಲ್ಲ! ನಲವತ್ತು ದಿನವೂ ಶುರು ಮಾಡಿದವಳು ತಾನು. ಕಿವಿಗೆ ಸಾವಿರ ಸಲ ಬಿದ್ದದ್ದು ಒಮ್ಮೆಯೂ ನಾಲಿಗೆಗೆ ಇಳಿದಿರಲಿಲ್ಲ. ಹಾಗಾದರೆ ತನ್ನ ಗತಿ? ಉಳಿದ ಅರ್ಧವನ್ನು ನೆನೆಯಲು ಹೋದಳು. ಚಿಕ್ಕಕ್ಕನ ದನಿ ನೆನಪಾಯಿತು, ಮಾತು ನೆನಪಾಗಲಿಲ್ಲ.

"ಯೋಚನೆ ಮಾಡಿ. ಅವಸರ ಇಲ್ಲ" ಎಂದರು ತಾತ.

'ಲವೊ', ತೊಳೆಯುತ್ತೇನೆ ಎಂಬ ಪದ, ದೊಡ್ಡಕ್ಕನ ನಾಲಿಗೆಯ ತುದಿಯಲ್ಲಿತ್ತು. ಬಾಗಿಲಿಗೆ ಬಾಯಿಟ್ಟು ಆ ಮೂರು ರೂಪ ಉಸುರಿದ್ದರೆ ಸಾಕಿತ್ತು, ಮಿಕ್ಕದ್ದು ತಾನೇ ಉರುಳಿಕೊಂಡು ಬರುತ್ತಿತ್ತು. ಅವಳು ಬಾಯಿ ತೆರೆದಳು. ಮಂಚದ ಮೇಲಿನ ಗಂಡ ಕಣ್ಣ ಮುಂದೆ ಬಂದ. ಬಾಯಿ ಮುಚ್ಚಿದಳು. ಒಳಗೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅವಳಿಗೆ ಭಯವಾಗಿತ್ತು, ಭಯದ ಅಡಿಯಲ್ಲಿ ಸಣ್ಣದೊಂದು ಖುಷಿಯೂ ಇತ್ತು. ಆ ಖುಷಿಯನ್ನು ಕಂಡು ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ತುಟಿ ಬಿಚ್ಚಲಿಲ್ಲ.

ಚಿಕ್ಕಕ್ಕ ಹೊರಗೆ ಬಂದಳು. ಮುಖ ಸುಣ್ಣದಂತಾಗಿತ್ತು. "ಹೋಗಕ್ಕ, ಕರೀತಿದಾರೆ" ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕುಳಿತಳು. ದೊಡ್ಡಕ್ಕ ಒಳಗೆ ಹೋದಳು, ಅವಸರದಲ್ಲಿ ಬಾಗಿಲು ಪೂರ್ತಿ ಮುಚ್ಚಲಿಲ್ಲ.

"ರಿಪೋರ್ಟ್?" ಎಂದು ತಾತ ಕೇಳಿದರು.

"ಹಿಂದಕ್ಕೆ ಹೊತ್ತು ತಂದದ್ದು, ಸಾರ್."

"ಟ್ರಾನ್ಸ್‌ಪೋರ್ಟ್?"

"ಆಚೆ ಕಡೆಗೆ ಹೊತ್ತುಕೊಂಡು ಹೋಗೋದು."

"ಭೇಷ್. ಹಾಗಾದ್ರೆ ಹೊರೋದು, ಆರೂ ರೂಪ."

"ಪೋರ್ತೊ, ಪೋರ್ತಾಸ್, ಪೋರ್ತತ್..." ಎಂದವಳು ನಿಂತಳು. ಮುಂದೆ ಬರೀ ಕತ್ತಲೆ. ತಾತ ಕಾದರು, ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ಕೊನೆಗೆ ಸೊನ್ನೆ ಬರೆಯಲು ಪೆನ್ನಿನ ಮೊನೆಯನ್ನು ಅವಳ ಹೆಸರಿನ ಮುಂದೆ ಇಟ್ಟರು.

"ಪೋರ್ತಾಮುಸ್, ಪೋರ್ತಾತಿಸ್, ಪೋರ್ತಂತ್!" ಎಂದು ಬಾಗಿಲಾಚೆಯಿಂದ ಗಟ್ಟಿ ದನಿ ಬಂತು.

ತಾತ ಪೆನ್ನು ಕೆಳಗಿಟ್ಟರು. "ಒಳಗೆ ಬಾಮ್ಮ. ಆಗ ಎಲ್ಲಿ ಹೋಗಿತ್ತು ಈ ಬಾಯಿ?"

"ನಂಗೆ ಕೊನೇ ಅರ್ಧ ಮಾತ್ರ ಬರೋದು ಸಾರ್. ಅಕ್ಕನಿಗೆ ಮೊದಲರ್ಧ. ಹಾಳೆ ಹರಿದು ಹಂಚ್ಕೊಂಡಿದ್ವಿ."

ತಾತನಿಗೆ ನಗು ಬಂತು. ಆದರೆ ನಗುವಿನ ಹಿಂದೆಯೇ ಹಟವೂ ಬಂತು. "ಇನ್ನೊಬ್ಬರ ಪರೀಕ್ಷೇಲಿ ಬಾಯಿ ಹಾಕಿದವರ ಹೆಸರು ಹೊಡೆದು ಹಾಕ್ಬೇಕು. ಅದು ನಿಯಮ."

"ಗೊತ್ತು ಸಾರ್. ಹೊಡೆದು ಹಾಕಿ."

ಅವರು ಹೊಡೆದು ಹಾಕಿದರು. ಆಮೇಲೆ ದೊಡ್ಡಕ್ಕನ ಕಡೆ ತಿರುಗಿ, ಈಗ ಆರನ್ನೂ ನೀವೊಬ್ಬರೇ ಹೇಳಿ ಎಂದರು. ಬಿಸಿಬಿಸಿಯಾಗಿ ಕಿವಿಗೆ ಬಿದ್ದಿತ್ತಲ್ಲ, ಹೇಳಿದಳು. ಬೇಡ ಸಾರ್, ಅವಳಿಗೂ ಇನ್ನೊಂದು ಅವಕಾಶ ಕೊಡಿ ಎನ್ನಬಹುದಿತ್ತು. ಅನ್ನಲಿಲ್ಲ. ಕೆಲಸ ಅವಳದಾಯಿತು.

ಇಬ್ಬರೂ ಉದ್ದನೆಯ ಕಾರಿಡಾರಿನಲ್ಲಿ ಒಗೆತದ ಕೋಣೆಯತ್ತ ನಡೆದರು. ಸುಮ್ಮನಿರುವುದು ದೊಡ್ಡಕ್ಕನಿಗೆ ಮುಳ್ಳಿನ ಮೇಲೆ ನಿಂತಂತಾಯಿತು. ಯಾರೂ ಕೇಳದಿದ್ದರೂ ತಾನಾಗಿಯೇ ಹೇಳಿದಳು: "ನೀನು ಒಳಗಿದ್ದಾಗ ನಾನು ನೀರು ಕುಡಿಯೋಕೆ ಹೋಗಿದ್ದೆ ಕಣೆ. ಇಲ್ದಿದ್ರೆ ನಾನೂ ಹೇಳಿಕೊಡ್ತಿರಲಿಲ್ವಾ?"

ಚಿಕ್ಕಕ್ಕ ನಡಿಗೆ ನಿಲ್ಲಿಸಲಿಲ್ಲ. "ಬಾಗಿಲ ಕೆಳಗೆ ಸಂದಿದೆ ಅಕ್ಕ. ನಿನ್ನ ಚಪ್ಪಲಿ ಕಾಣ್ತಾನೇ ಇತ್ತು."

ದೊಡ್ಡಕ್ಕ ಅಲ್ಲೇ ನಿಂತುಬಿಟ್ಟಳು. "ಮತ್ತೆ... ನೀನ್ಯಾಕೆ ಹೇಳಿದೆ?"

"ಭಾವನ ಮಾತ್ರೆ ನಿಲ್ಲಬಾರದಲ್ಲ" ಎಂದಳು ಚಿಕ್ಕಕ್ಕ, ಮುಂದೆ ನಡೆಯುತ್ತಾ.