ಬಸ್ ನಿಲ್ದಾಣದ ಕುಂಟೆಬಿಲ್ಲೆ

ದೊಡ್ಡವರು ಆಡುವುದಿಲ್ಲ ಎಂದು ಯಾರು ಹೇಳಿದರು? ಧಾರಾಳವಾಗಿ ಆಡುತ್ತಾರೆ. ಯಾರೂ ನೋಡಬಾರದು, ಅಷ್ಟೇ. ಗುಬ್ಬಿಯ ಸಂಶೋಧನೆಗೆ ಬಂದ ಕುತ್ತೇ ಅದು. ಅವಳ ಕೆಲಸವೇ ನೋಡುವುದಾಗಿತ್ತು.

ಗುಬ್ಬಿ ಎನ್ನುವುದು ಮನೆಯವರು ಇಟ್ಟ ಅಡ್ಡಹೆಸರು. ಓದುತ್ತಿದ್ದದ್ದು ವಿನ್ಯಾಸ ಕಾಲೇಜಿನ ಕೊನೆಯ ವರ್ಷ. 'ಬೀದಿಯಲ್ಲಿ ಜಾಗ ಮಾಡಿಕೊಟ್ಟರೆ ದೊಡ್ಡವರೂ ಆಡುತ್ತಾರೆ, ಯಾರೂ ಹೇಳದೆಯೇ ಆಡುತ್ತಾರೆ' ಎನ್ನುವುದು ಅವಳ ಪ್ರಬಂಧದ ವಾದ. ಮಾರ್ಗದರ್ಶಕ ಮೇಷ್ಟ್ರು ಆ 'ಯಾರೂ ಹೇಳದೆಯೇ' ಕೆಳಗೆ ಕೆಂಪು ಶಾಯಿಯ ಗೆರೆ ಎಳೆದು, "ಇದೊಂದನ್ನ ತೋರಿಸಮ್ಮ, ಸಾಕು. ಶುಕ್ರವಾರ ನಾನೇ ಬಂದು ನೋಡ್ತೀನಿ. ಒಬ್ಬರೂ ಆಡಲಿಲ್ಲ ಅಂದ್ರೆ ಬೇರೆ ವಿಷಯ ತಗೊಂಡು ಮುಂದಿನ ವರ್ಷ ಬಾ" ಎಂದಿದ್ದರು. ಕೆಟ್ಟವರಲ್ಲ, ಪಾಪ. ಕಣ್ಣಾರೆ ಕಂಡದ್ದನ್ನೂ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿಯೇ ನಂಬುವ ಪೈಕಿ.

ಬಸ್ ನಿಲ್ದಾಣದ ಪಕ್ಕದ ಅಗಲವಾದ ಕಾಲುದಾರಿಯ ಮೇಲೆ ಗುಬ್ಬಿ ಬಿಳಿ ಬಣ್ಣದಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಬರೆದಳು. ದೊಡ್ಡವರ ಕಾಲಿಗೆ ತಕ್ಕ ಅಳತೆ ಹಿಡಿದು, ಸೊಂಟ ಮುರಿಯುವಂತೆ ಬಗ್ಗಿ ಬರೆದಿದ್ದಳು. ಪಕ್ಕದ ಡಬ್ಬದಲ್ಲಿ ಎಸೆಯಲು ಹೆಂಚಿನ ಚೂರುಗಳನ್ನೂ ಇಟ್ಟಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆದರೆ ನಗರಸಭೆಯವರು ಅನುಮತಿ ಬೇಕಾದರೆ ಒಂದು ಫಲಕ ಹಾಕಲೇಬೇಕು ಎಂದರು, ಅದರಲ್ಲಿ ಏನಿರಬೇಕು ಎಂದೂ ಅವರೇ ಹೇಳಿದರು: 'ಸಾರ್ವಜನಿಕರು ಇಲ್ಲಿ ಆಟವಾಡಲು ಅನುಮತಿಸಲಾಗಿದೆ.'

ಕಚೇರಿ ಭಾಷೆ ಅಂದರೆ ಸಾಮಾನ್ಯವೇ? ಹಸಿದವನಿಗೆ ಆ ಭಾಷೆಯಲ್ಲಿ ಉಣ್ಣು ಎಂದು ಹೇಳಿ ನೋಡಿ, ಕೈ ಕಟ್ಟಿಕೊಂಡು ನಿಲ್ಲುತ್ತಾನೆ. ಫಲಕ ಓದಿದ ಜನ ಮನೆಗಳ ಮೇಲೆ ಕಾಲಿಡುವುದಿರಲಿ, ಅವನ್ನು ಸುತ್ತಿ ಬಳಸಿ ರಸ್ತೆಗೆ ಇಳಿದು ನಡೆಯತೊಡಗಿದರು. ಕೊಡೆ ಹಿಡಿದ ಒಬ್ಬ ಹಿರಿಯರು ಗುಬ್ಬಿಯ ಹತ್ತಿರ ಬಂದು ಕೇಳಿದರು.

"ಟಿಕೆಟ್ ಎಲ್ಲಿ ಕೊಡ್ತಾರಮ್ಮ?"

"ಟಿಕೆಟ್ ಇಲ್ಲ ಸರ್. ಸುಮ್ನೆ ಆಡಬಹುದು."

"ಸುಮ್ನೆ ಅಂದ್ರೆ?" ಎಂದು ಅವಳನ್ನು ಮೇಲಿಂದ ಕೆಳಗೆ ನೋಡಿ, ಅವರು ದೂರ ಸರಿದು ನಿಂತರು. ಇನ್ನೊಬ್ಬಾಕೆ ಗಂಡನ ತೋಳು ಹಿಡಿದೆಳೆದು, "ತುಳೀಬೇಡಿ, ನಾಳೆ ಯಾರಾದ್ರೂ ಕೇಳಿದ್ರೆ?" ಎಂದಳು. ಬೆಂಚಿನ ಮೇಲೆ ಪೆನ್ನು ಹಿಡಿದು ಕೂತ ಗುಬ್ಬಿಯನ್ನು ಕಂಡ ಮೇಲಂತೂ ಕೇಳುವವರು ಯಾರು ಎಂಬ ಅನುಮಾನವೂ ಆಕೆಗೆ ಉಳಿಯಲಿಲ್ಲ.

ಗುರುವಾರ ಸಂಜೆ ಗುಬ್ಬಿ ಜೋಲುಮೋರೆ ಹಾಕಿಕೊಂಡು ಮನೆಗೆ ಬಂದಳು. ಅಮ್ಮ ಟೈಲರ್. ಮುಂದಿನ ಕೋಣೆ ತುಂಬ ತುಂಡುಬಟ್ಟೆ, ನಡುವೆ ಹೊಲಿಗೆ ಯಂತ್ರ.

"ಯಾರೂ ಆಡಲ್ಲ ಅಮ್ಮ. ಯಾರೂ ಹೇಳದೆ ತಾವಾಗೇ ಆಡ್ತಾರೆ ಅಂತ ಬರೆದುಬಿಟ್ಟಿದ್ದೀನಿ. ನಾಳೆ ಸರ್ ಬರ್ತಾರೆ. ನನ್ನ ಒಂದು ವರ್ಷ ಹೋಯ್ತು."

ಅಮ್ಮ ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದಳು. "ಇಷ್ಟು ವರ್ಷ ಓದಿ ಕೊನೆಗೆ ಕುಂಟೆಬಿಲ್ಲೆ ಬರೆದು ಬಂದೆಯಲ್ಲೇ. ಅದನ್ನ ನಿನ್ನ ಹಾಲುಹಲ್ಲು ಬೀಳೋ ಮುಂಚೆ ನಾನೇ ಕಲಿಸಿದ್ದೆ." ಇನ್ನೂ ಏನೋ ಹೇಳುವವಳಿದ್ದಳು. ಮಗಳ ಕಣ್ಣು ತುಂಬಿದ್ದು ಕಂಡು ಗುಂಡುಸೂಜಿಯನ್ನು ಮತ್ತೆ ಬಾಯಲ್ಲಿ ಕಚ್ಚಿಕೊಂಡಳು. ಗುಬ್ಬಿ ಮುಖ ತೊಳೆಯಲು ಹೋದಾಗ ಮುಂದಿನ ಕೋಣೆಯಿಂದ ಫೋನಿನಲ್ಲಿ ಪಿಸುಪಿಸು ಕೇಳಿಸಿತು. ಯಾರೋ ರವಿಕೆ ಹೊಲಿಸುವವರು ಇರಬೇಕು ಎಂದುಕೊಂಡಳು.

ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವವರ ಹೊತ್ತು. ಮೇಷ್ಟ್ರು ಬಂದು ಗುಬ್ಬಿಯ ಪಕ್ಕ ನಿಂತರು. ಜನ ಎಂದಿನಂತೆ ರಸ್ತೆಗಿಳಿದು ಹೋಗುತ್ತಿದ್ದರು. ಆಗ ಒಂದು ಕಡೆಯಿಂದ ಅಮ್ಮ ಬಂದಳು. ಇನ್ನೊಂದು ಕಡೆಯಿಂದ ಅವಳ ಅಕ್ಕ, ಅಂದರೆ ದೊಡ್ಡಮ್ಮ, ನಿವೃತ್ತ ಹೆಡ್‌ಮಿಸ್ಸು. ಔಷಧಿ ಅಂಗಡಿಯ ಹಿಂದಿನಿಂದ ಸೋದರಮಾವ, ಹೊಟ್ಟೆ ಮುಂದೆ, ಅವನು ಹಿಂದೆ. ಮೂವರೂ ಜನ್ಮದಲ್ಲಿ ಒಬ್ಬರನ್ನೊಬ್ಬರು ಕಂಡಿಲ್ಲದವರಂತೆ ನಡೆದು ಬಂದು ಫಲಕದ ಮುಂದೆ ಸೇರಿದರು.

"ಇಲ್ಲಿ ಆಟ ಆಡಬಹುದಂತೆ," ಎಂದಳು ಅಮ್ಮ, ಬೀದಿಗೆಲ್ಲ ಕೇಳುವಂತೆ.

"ಹೌದೇನ್ರೀ? ನನಗೆ ಯಾರೂ ಹೇಳೇ ಇಲ್ಲ," ಎಂದಳು ದೊಡ್ಡಮ್ಮ.

"ಯಾರೂ ಹೇಳದೇ ಇದ್ರೂ ಆಡಬೇಕು ಅನ್ನಿಸ್ತಾ ಇದೆ ನೋಡಿ," ಎಂದ ಮಾವ, ಬಾಯಿಪಾಠ ಒಪ್ಪಿಸುವ ದನಿಯಲ್ಲಿ.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಗುಬ್ಬಿಗೆ. ಮೂವರೂ ಸರದಿಯ ಮೇಲೆ ಕುಂಟತೊಡಗಿದರು. ಕಷಾಯ ಕುಡಿದವರ ಮುಖ. ಮಾವ ಮೂರನೇ ಮನೆಗೇ ಸುಸ್ತಾಗಿ ದೀಪದ ಕಂಬ ಹಿಡಿದುಕೊಂಡ.

"ಇವರು ಆಡ್ತಿದಾರೋ, ಶಿಕ್ಷೆ ಅನುಭವಿಸ್ತಿದಾರೋ?" ಎಂದರು ಮೇಷ್ಟ್ರು. ಮತ್ತೆ ತಾವೇ, "ಏನೇ ಇರಲಿ, ಆಡ್ತಿದಾರಲ್ಲ. ಬರ್ಕೋ" ಎಂದರು.

ಬರೆದುಕೊಂಡರೆ ಕೆಲಸ ಮುಗಿಯುತ್ತಿತ್ತು. ವರ್ಷ ಉಳಿಯುತ್ತಿತ್ತು. ಯಾರಪ್ಪನ ಗಂಟೂ ಹೋಗುತ್ತಿರಲಿಲ್ಲ. ಆದರೆ ಗುಬ್ಬಿಯ ಪೆನ್ನು ಏಳಲಿಲ್ಲ.

"ಸರ್, ಅದು ನಮ್ಮಮ್ಮ. ಅವರು ದೊಡ್ಡಮ್ಮ. ಕಂಬ ಹಿಡ್ಕೊಂಡಿರೋದು ನಮ್ಮ ಮಾವ. ನಾನು ಕರೆದಿರಲಿಲ್ಲ, ಅವರೇ ಬಂದಿದಾರೆ. ಇದನ್ನ ಲೆಕ್ಕಕ್ಕೆ ತಗೋಬೇಡಿ."

ಮೇಷ್ಟ್ರು ಕೈಗಡಿಯಾರ ನೋಡಿಕೊಂಡರು. "ನಿಜ ಹೇಳಿದ್ದು ಒಳ್ಳೇದಾಯ್ತಮ್ಮ. ಆದ್ರೆ ಮುಂದಿನ ವರ್ಷವೇ ನೋಡೋಣ," ಎಂದು ಬಸ್ಸಿನ ಕಡೆಗೆ ತಿರುಗಿದರು. ಗುಬ್ಬಿ ಪೆನ್ನು ಮುಚ್ಚಿದಳು. ನೇರ ಅಮ್ಮನ ಹತ್ತಿರ ಹೋದಳು.

"ಅಮ್ಮ, ಸಾಕು. ಸರ್‌ಗೆ ಹೇಳಿಬಿಟ್ಟೆ. ಮನೆಗೆ ಹೋಗೋಣ."

"ಆಚೆ ನಿಲ್ಲು, ಗೆರೆ ಕಾಣಿಸ್ತಿಲ್ಲ," ಎಂದಳು ಅಮ್ಮ, ಅವಳನ್ನು ನೋಡದೆಯೇ. "ಅಕ್ಕ, ನೀನು ಔಟು. ಹಿಮ್ಮಡಿ ಗೆರೆ ಮೇಲಿತ್ತು."

"ಯಾರದು? ನನ್ನದಾ?"

"ಅಲ್ಲ, ದಾರೀಲಿ ಹೋಗೋರದ್ದು. ಚಿಕ್ಕಂದಿನಿಂದ ನಿಂದು ಇದೇ ಬುದ್ಧಿ. ಗೆರೆ ತುಳಿಯೋದು, ಆಮೇಲೆ ಅಪ್ಪನ ಹತ್ರ ಹೋಗಿ ನನ್ನ ಮೇಲೆ ಚಾಡಿ ಹೇಳೋದು. ದಿನಾ ಗೆರೆ ನೋಡಿ ಕತ್ತರಿ ಹಾಕೋ ಕಣ್ಣು ಇದು, ನನಗೆ ಹೇಳ್ತೀಯಾ?"

"ಸೋಲೋಕೆ ಬಂದ ತಕ್ಷಣ ಗೆರೆ ನೆನಪಾಗುತ್ತೆ ನಿನಗೆ. ಇವತ್ತು ನೆನ್ನೇದಲ್ಲ ಇದು."

ಜಗಳಕ್ಕೆ ಜನ ಸೇರುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ. "ತುಳಿದಿಲ್ಲ, ನಾನು ನೋಡಿದೆ," ಎಂದರು ಟಿಕೆಟ್ ಕೇಳಿದ್ದ ಕೊಡೆಯ ಹಿರಿಯರು.

"ನೀವು ಸುಮ್ನಿರಿ. ಆಟದ ಗಂಧ ಗೊತ್ತಿದ್ಯಾ ನಿಮಗೆ?" ಎಂದಳು ಅಮ್ಮ.

ಮರ್ಯಾದೆಯ ಪ್ರಶ್ನೆ. ಹಿರಿಯರು ಕೊಡೆಯನ್ನು ಮಾವನ ಕೈಗೆ ಕೊಟ್ಟು, ಡಬ್ಬದಿಂದ ಬಿಲ್ಲೆ ಆರಿಸಿ, ಪ್ಯಾಂಟು ಮಡಚಿ ಕುಂಟಿಯೇ ಬಿಟ್ಟರು. ಆಮೇಲೆ ಗಂಡನ ತೋಳು ಎಳೆದಿದ್ದಾಕೆ ಅಮ್ಮನ ಪಕ್ಷ ಸೇರಿದಳು, ಅವಳ ಗಂಡ ದೊಡ್ಡಮ್ಮನ ಪಕ್ಷ. ಒಬ್ಬ ಬ್ಯಾಂಕಿನವನು ಟೈ ಹೆಗಲಿಗೆ ಹಾಕಿಕೊಂಡು, "ನಮ್ಮ ಕಡೆ ಆಟದ ರೀತಿಯೇ ಬೇರೆ" ಎಂದು ತೋರಿಸಲು ಹೋಗಿ ಅಂಗಾತ ಬಿದ್ದ. ಎದ್ದವನು ಇನ್ನೊಂದು ಸರದಿ ಕೇಳಿದ. ಬಸ್ಸು ಬಂದು, ನಿಂತು, ಹಾರ್ನ್ ಹೊಡೆದು ಹೊರಟುಹೋಯಿತು. ಹತ್ತಿದವರೇ ಇಲ್ಲ.

ಮೇಷ್ಟ್ರೂ ಹತ್ತಿರಲಿಲ್ಲ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ನಿಮ್ಮ ಮನೆಯವರನ್ನ ಬಿಟ್ಟು ಮಿಕ್ಕವರು ಯಾರು?"

"ಗೊತ್ತಿಲ್ಲ ಸರ್."

"ಆಡಿ ಅಂತ ಅವರಿಗೆ ಯಾರು ಹೇಳಿದ್ರು?"

"ಯಾರೂ ಇಲ್ಲ."

"ಹಾಗಿದ್ರೆ ಮನೆಯವರನ್ನ ಬಿಟ್ಟು ಬರಿ. ಜಾಗ ಒಂದಿದ್ರೆ ಸಾಲದು, ಒಂದು ಜಗಳವೂ ಬೇಕು ಅಂತ ಸೇರಿಸು. ಪಾಸು." ಗುಬ್ಬಿ ತಲೆಯಾಡಿಸಿದಳು. ಅವರ ಮಾತು ಅರ್ಧ ಕಿವಿಗೆ ಬಿತ್ತು, ಅರ್ಧ ಬೀಳಲಿಲ್ಲ. ಅವಳ ಕಣ್ಣು ಆಟದ ಕಡೆಗೇ ಇತ್ತು.

ಸಂಜೆ ಅಮ್ಮ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕೂತಿದ್ದಳು. ಆಗ ಅವಳಿಗೆ ನೆನಪಾಯಿತು.

"ಅಯ್ಯೋ, ನಿನ್ನ ಪರೀಕ್ಷೆ ಏನಾಯ್ತೇ?"

"ಪಾಸಾಯ್ತಮ್ಮ."

"ಒಳ್ಳೇದಾಯ್ತು." ಅಮ್ಮ ಒಂದು ಕಾಲು ಎತ್ತಿ ಒರೆಸಿಕೊಂಡಳು. "ಅದಿರಲಿ, ನೀನು ಅಲ್ಲೇ ಇದ್ದೆಯಲ್ಲ. ಅವಳು ಗೆರೆ ತುಳಿದದ್ದು ನೋಡಿದೆ ತಾನೆ?"

"ಇಲ್ಲಮ್ಮ. ನಾನು ಕಾಲು ನೋಡಲಿಲ್ಲ."

"ಮತ್ತೇನು ನೋಡ್ತಿದ್ದೆ ಅಷ್ಟು ಹೊತ್ತು?"

"ನಿನ್ನ ಮುಖ. ನಿನ್ನನ್ನ ಹಾಗೆ ಯಾವತ್ತೂ ನೋಡಿರಲಿಲ್ಲ."

ಅಮ್ಮ ಬೋಗುಣಿಯ ನೀರನ್ನು ಕಾಲಿನಿಂದ ಕಲಕಿದಳು. ಆಮೇಲೆ ಫೋನ್ ಎತ್ತಿಕೊಂಡು ಅಕ್ಕನಿಗೆ, "ಇವಳು ಏನೂ ನೋಡಿಲ್ವಂತೆ ಕಣೇ. ನಾಳೆ ಬಾ, ಇನ್ನೊಂದು ಸಲ ಆಡೇ ತೀರಿಸೋಣ" ಎಂದಳು.