ವಿಶೇಷ ಎಂಬ ಕಾಲಂ

ಮೂರನೆಯ ಸಲವೂ ಕಂಪ್ಯೂಟರು ಅಲ್ಲಿಗೇ ಬಂದು ನಿಂತಿತು. ನಂಬರ್ ೪೧೨ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಿದೆ, ಬದಲಾಯಿಸಲು ಬರುವುದಿಲ್ಲ ಎಂಬ ಅದೇ ಒಕ್ಕಣೆ. ಸಿದ್ದಲಿಂಗಪ್ಪನವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು, ತಪ್ಪು ಕನ್ನಡಕದ್ದೇ ಏನೋ ಎಂಬಂತೆ. ಆಮೇಲೆ ಕಂಪ್ಯೂಟರು ನೋಡಿಕೊಳ್ಳುವ ಹನಮೇಶನಿಗೆ ಫೋನು ಮಾಡಲು ಮಂದಾಕಿನಿಗೆ ಹೇಳಿದರು.

ವಿದ್ಯಾನಗರದ ಆ ವಧೂವರ ಕೇಂದ್ರಕ್ಕೆ ಆಷಾಢದಲ್ಲಿ ಯಾರೂ ಬರುವುದಿಲ್ಲ. ಕನ್ಯೆ ನೋಡುವ ಮಾತನ್ನೂ ಆ ತಿಂಗಳು ಎತ್ತಬಾರದು. ಹೀಗಾಗಿ ವರ್ಷದ ಕಸ ಗುಡಿಸುವ ಕೆಲಸವೆಲ್ಲ ಆಗಲೇ. ಲಗ್ನವಾದವರ ಹೆಸರು ತೆಗೆಯುವುದು, ಮೂವತ್ತೈದು ದಾಟಿದ ಹೆಣ್ಣುಮಕ್ಕಳನ್ನು ಮೊದಲ ಪಟ್ಟಿಯಿಂದ ಎರಡನೇ ಸಂಬಂಧದ ಪಟ್ಟಿಗೆ ಹಾಕುವುದು. ಈ ಸಲ ಅಂಥವರು ನಲವತ್ತು ಜನ. ನಲವತ್ತೂ ಒಮ್ಮೆಗೇ ಹೋಗಬೇಕು, ಒಂದು ನಿಂತರೆ ಎಲ್ಲವೂ ನಿಲ್ಲಬೇಕು ಎಂದು ಹನಮೇಶನೇ ಪ್ರೋಗ್ರಾಮು ಬರೆದುಕೊಟ್ಟಿದ್ದ. ಶ್ರಾವಣ ಹುಟ್ಟುವಷ್ಟರಲ್ಲಿ ಹೊಸ ಪುಸ್ತಿಕೆ ಅಚ್ಚಾಗಬೇಕಿತ್ತು. ಉಳಿದದ್ದು ಎರಡೇ ದಿನ.

೪೧೨ ಯಾರದೆಂದು ಸಿದ್ದಲಿಂಗಪ್ಪನವರಿಗೂ ಗೊತ್ತಿತ್ತು, ಮಂದಾಕಿನಿಗೂ ಗೊತ್ತಿತ್ತು. ಅದು ಮಂದಾಕಿನಿಯದೇ. ಇಬ್ಬರೂ ಅದನ್ನು ನಂಬರಿನಿಂದಲೇ ಕರೆಯುತ್ತಿದ್ದರು. ತಮ್ಮಲ್ಲೇ ದುಡಿಯುವವಳನ್ನು ಎರಡನೇ ಪಟ್ಟಿಗೆ ಹಾಕುತ್ತೇನೆ ಎಂದು ಬಾಯಿಬಿಟ್ಟು ಹೇಳುವಷ್ಟು ಕಟುಕರಲ್ಲ ಆ ಹಿರಿಯರು. ಹೇಳದೆ ಹಾಕುವುದು ಬೇರೆ.

ಹನ್ನೊಂದು ವರ್ಷದಿಂದ ಅವಳು ಊರ ಮಂದಿಯ ಲಗ್ನ ಕೂಡಿಸುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಪಕ್ಕದ ಕುರ್ಚಿಯಲ್ಲಿದ್ದ ಆರತಿ ಇದೇ ಪಟ್ಟಿಯೊಳಗಿನ ವರನನ್ನು ಆರಿಸಿಕೊಂಡು ಗದಗಿಗೆ ಹೋಗಿ ಎರಡು ವರ್ಷವಾಗಿತ್ತು. ಅವಳ ಕಂಪ್ಯೂಟರಿಗೆ ಹೊದಿಸಿದ ಬಟ್ಟೆಯನ್ನು ಅಂದಿನಿಂದ ಯಾರೂ ತೆಗೆದಿರಲಿಲ್ಲ.

ಮಂದಾಕಿನಿಯ ಹೆಸರು ಬರೆಸಿದವಳು ಅವಳ ಅವ್ವ ಬಾಳವ್ವ. ಐದು ವರ್ಷದ ಹಿಂದೆ, ಮಗಳಿಗೆ ಸುಳಿವು ಕೊಡದೆ, ಉಣಕಲ್ಲಿನಿಂದ ಬಸ್ಸು ಹಿಡಿದು ಬಂದು ಎಲ್ಲರ ಹಾಗೆ ಸರತಿಯಲ್ಲಿ ಕೂತಿದ್ದಳು. ಸರತಿ ಬಂದಾಗ ಎದುರಿಗೆ ಟೈಪು ಮಾಡಲು ಇದ್ದವಳು ಮಗಳೇ. ಮಂದಾಕಿನಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ‘ವಿಶೇಷ’ ಎಂಬ ಕಾಲಮ್ಮಿಗೆ ಬಂದಾಗ ಎಲ್ಲರಿಗೂ ಹಾಕುವಂತೆ ‘ಗೃಹಕೃತ್ಯದಲ್ಲಿ ನಿಪುಣೆ’ ಎಂದು ಹಾಕದೆ, ಸಿಟ್ಟಿನಲ್ಲಿ ಅವ್ವ ಅಂದದ್ದನ್ನು ಅಂದಂತೆಯೇ ಬಡಿದಿದ್ದಳು. ಮರುವರ್ಷ ಬಾಳವ್ವ ತೀರಿಹೋದಳು. ಆ ಕಾಲಮ್ಮು ಉಳಿಯಿತು.

ಎರಡನೇ ಪಟ್ಟಿಯಲ್ಲಿ ‘ವಿಶೇಷ’ ಇಲ್ಲ. ಆ ಜಾಗದಲ್ಲಿ ‘ಮಕ್ಕಳು ಎಷ್ಟು’ ಎಂದಿದೆ.

ಮಧ್ಯಾಹ್ನ ಹನಮೇಶ ಬಂದ. ಮೊದಲು ಎಲ್ಲರಂತೆ ಅವನೂ ಕೇಬಲ್ಲಿನ ಮೇಲೆಯೇ ಸಂಶಯಪಟ್ಟ. ಗೋಡೆಗುಂಟ ಹೋದ ವೈರನ್ನು ಜಗ್ಗಿ ನೋಡಿದ, ಕಂಪ್ಯೂಟರುಗಳನ್ನು ಬಂದ್ ಮಾಡಿ ಚಾಲೂ ಮಾಡಿದ. ಮಂದಾಕಿನಿ ಅವನಿಗೆ ಚಹಾ ತರಿಸಿಕೊಟ್ಟು ತನ್ನ ಜಾಗಕ್ಕೆ ಮರಳಿದಳು. ಐದು ನಿಮಿಷದಲ್ಲಿ ಮತ್ತೆ ಅದೇ ತಪ್ಪು. ಆಗ ಅವನು ಯಾವ ಕಂಪ್ಯೂಟರು ಏನು ಹಿಡಿದಿದೆ ಎಂದು ಬರೆದಿಟ್ಟುಕೊಳ್ಳುವ ಫೈಲೊಂದನ್ನು ತೆಗೆದು ನೋಡಿದ. ಸಿದ್ದಲಿಂಗಪ್ಪನವರು ಮೂರು ಕಂಪ್ಯೂಟರಿಗೂ ನದಿಗಳ ಹೆಸರಿಟ್ಟಿದ್ದರು. ಫೈಲಿನಲ್ಲಿ ಅವರ ತುಂಗೆಯ ಕೆಳಗೆ, ೪೧೨ರ ಮುಂದೆ, ಮಲಪ್ರಭೆ ಎಂದಿತ್ತು. ಮಲಪ್ರಭೆ ಮಂದಾಕಿನಿಯ ಮೇಜಿನ ಮೇಲಿನದು.

ಸಿದ್ದಲಿಂಗಪ್ಪನವರು ಊಟಕ್ಕೆ ಮನೆಗೆ ಹೋಗಿದ್ದರು. ಹನಮೇಶ ಅವಳು ಕೂರುವ ಹಿಂದಿನ ಕೋಣೆಗೆ ಬಂದು ಬಾಗಿಲಲ್ಲೇ ನಿಂತ.

"ಅಕ್ಕಾರ, ಅದು ನಿಮ್ಮಲ್ಲೇ ತೆರದೈತ್ರಿ."

"ಗೊತ್ತೈತ್ರಿ," ಎಂದಳು. ಸುಳ್ಳು ಹೇಳಲು ಬೆಳಗಿನಿಂದ ಸಜ್ಜಾಗಿದ್ದಳು, ಆದರೆ ಬಾಯಿಗೆ ಬರಲಿಲ್ಲ. ಪರದೆಯ ಕೆಳಗೆ ಮಡಚಿಟ್ಟಿದ್ದ ಕಿಟಕಿಯನ್ನು ಅವಳೇ ಮೇಲೆತ್ತಿ ತೋರಿಸಿದಳು. ಪಟ್ಟಿ ಬದಲಾದರೆ ಆ ಕಾಲಮ್ಮು ಅಳಿಸಿಹೋಗುತ್ತದೆ, ಅದಕ್ಕೇ ಹೀಗೆ ಮಾಡಿದೆ ಎಂದು ತಲೆ ತಗ್ಗಿಸಿ ಹೇಳಿದಳು. ಅವನು, ಬೇಕಿದ್ದರೆ ಅದೊಂದು ಹಾಳೆ ಪ್ರಿಂಟು ತೆಗೆದುಕೊಡುತ್ತೇನೆ ಅಂದ.

"ನನಗ ಅದು ಬಾಯಿಪಾಠ ಐತ್ರಿ. ನಾ ಓದಿ ಏನ್ ಮಾಡ್ಲಿ? ಅಲ್ಲೇ ಇದ್ರ ಒಂದಿನ ಯಾರರ ಓದ್ಯಾರು ಅಂತಿದ್ದೆ."

ಐದು ವರ್ಷದಲ್ಲಿ ಯಾರೂ ಓದಿರಲಿಲ್ಲ. ವಯಸ್ಸು, ಎತ್ತರ, ಬಣ್ಣ ನೋಡಿ ಹಾಳೆ ತಿರುವುತ್ತಿದ್ದರು. ಹನಮೇಶ ಆರತಿಯ ಕುರ್ಚಿಯನ್ನು ಎಳೆದುಕೊಂಡು ಕೂತ. ಕೇಳಲಿಲ್ಲ, ಪರದೆಯತ್ತ ಬಾಗಿ ಸಾವಕಾಶ ಓದತೊಡಗಿದ.

‘ನಮ್ಮ ಹುಡುಗಿ ಮಾತು ಕಡಿಮಿ. ನೀವು ಕೇಳಿದ್ರ ಹೇಳ್ತಾಳ, ಕೇಳಲಿಲ್ಲಂದ್ರ ಇಲ್ಲ. ರೊಟ್ಟಿ ಭಾಳ ತೆಳ್ಳಗ ಬಡೀತಾಳ. ಸಿಟ್ಟು ಬಂದ್ರ ಒಂದು ತಂಬಗಿ ನೀರು ಕುಡೀತಾಳ, ಅಷ್ಟ. ಒಬ್ಬಾಕಿನ ಮನ್ಯಾಗ ಬಿಡಬ್ಯಾಡ್ರಿ, ಅಂಜತಾಳ. ಅದನ್ನ ಯಾರಿಗೂ ಹೇಳಂಗಿಲ್ಲ.’

ತಂಬಿಗೆಯ ಮಾತಿಗೆ ಅವನ ತುಟಿಗಳು ನಕ್ಕವು. ಕೊನೆಗೆ ಬಂದಾಗ ನಗು ಇರಲಿಲ್ಲ. ಅವಳ ಕಡೆ ತಿರುಗಲೂ ಇಲ್ಲ, ಅದೊಂದು ಉಪಕಾರವಾಯಿತು.

"ಓದಿದ್ನಿರಿ ಅಕ್ಕಾರ," ಎಂದ. "ಪೂರಾ ಓದಿದ್ನಿ."

ಮಂದಾಕಿನಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಇಷ್ಟು ದಿನ ಯಾರಿಗಾಗಿ ಕಾದಿದ್ದಳೋ ಆ ಮನುಷ್ಯ ಇವನಲ್ಲ, ಅದು ಅವಳಿಗೂ ತಿಳಿದಿತ್ತು. ಇವನಿಗೆ ಹೆಂಡತಿ ಇದ್ದಳು, ಹಳೇ ಹುಬ್ಬಳ್ಳಿಯಲ್ಲಿ ಮನೆ ಇತ್ತು. ಆದರೂ ಯಾರೋ ಒಬ್ಬರು ಓದಿದ್ದರು. ಮೌಸು ಹಿಡಿದು ಆ ಕಿಟಕಿಯನ್ನು ತಾನೇ ಮುಚ್ಚಿದಳು.

ಸಿದ್ದಲಿಂಗಪ್ಪನವರು ಬಂದಾಗ ಕೇಬಲ್ಲು ಸಡಿಲಾಗಿತ್ತು, ಈಗ ಸರಿಯಾಗಿದೆ ಎಂದು ಹನಮೇಶ ಹೇಳಿದ. ತಾವು ಮೊದಲೇ ಹಾಗೆ ಅಂದುಕೊಂಡಿದ್ದಾಗಿ ಅವರು ಹೇಳಿದರು. ನಲವತ್ತು ಹೆಸರು ಒಂದು ಗಳಿಗೆಯಲ್ಲಿ ಆಚೆ ಪಟ್ಟಿಗೆ ಹೋದವು, ಪ್ರಿಂಟರು ಕಿರ್ ಎನ್ನತೊಡಗಿತು. ಹನಮೇಶ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದ.

ಹಾಳೆಯ ಎರಡೂ ಬದಿಯ ತೂತಿನ ಅಂಚು ಹರಿಯುವುದು ಯಾವಾಗಲೂ ಮಂದಾಕಿನಿಯ ಕೆಲಸ. ನಿಂತುಕೊಂಡು ಒಂದೊಂದೇ ಹಾಳೆ ಹರಿಯುತ್ತ ಬಂದಳು. ನಾಲ್ಕನೆಯ ಹಾಳೆಯ ನಡುವೆ ಅವಳ ಹೆಸರಿತ್ತು, ಅದರ ಮುಂದೆ ಒಂದು ಸೊನ್ನೆ. ಆ ಹಾಳೆಯ ಅಂಚನ್ನೂ ನೆಟ್ಟಗೆ, ಎಲ್ಲಿಯೂ ಸೀಳದಂತೆ ಹರಿದು, ಉಳಿದವುಗಳ ಮೇಲಿಟ್ಟಳು. ಆಮೇಲೆ ಮೂಲೆಯ ಕೊಡದಿಂದ ಒಂದು ತಂಬಿಗೆ ನೀರು ತುಂಬಿಕೊಂಡು, ನಿಂತಲ್ಲೇ, ಪೂರ್ತಿ ಕುಡಿದಳು.