ಆತು

"ಆಟೋ ತಗಿ. ಆತು ಅಂದ್ರ ಮುಳುಗ್ತೇನಿ," ಎಂದು ಈಶ್ವರ ಎದೆಮಟ್ಟದ ನೀರಿನಲ್ಲಿ ನಿಂತು ಕೂಗಿದ.

ಜುಗೂಳದ ದಂಡೆಯಲ್ಲಿ ಕೃಷ್ಣೆಗೆ ಇಳಿಬಿಟ್ಟಿದ್ದ ಅವರ ಮೋಟರಿಗೆ ಜಲಪರ್ಣಿ ಕಳೆಯ ಬೇರು ಸುತ್ತಿಕೊಂಡು ನೀರು ಏರುತ್ತಿರಲಿಲ್ಲ. ಸದ್ಯ ಕರೆಂಟು ಹೋಗಿತ್ತು. ಆದರೆ ಮೋಟರು ನಡೆಸುವ ಫೋನಿನ ಆ್ಯಪಿನಲ್ಲಿ 'ಆಟೋ' ಇಟ್ಟಿದ್ದರೆ ಕರೆಂಟು ಬಂದೊಡನೆ ಮೋಟರು ತಾನೇ ಶುರುವಾಗುತ್ತದೆ. ಕರೆಂಟು ಬರುವ ಹೊತ್ತು ದೇವರಿಗೂ ಗೊತ್ತಿಲ್ಲದ ಊರಿನಲ್ಲಿ ಎಲ್ಲರೂ ಆಟೋ ಇಟ್ಟೇ ಮಲಗುವವರು. ಸ್ಟಾರ್ಟರ್ ಪೆಟ್ಟಿಗೆ ಇದ್ದದ್ದು ಕಬ್ಬಿನ ಆಚೆ, ದಿಬ್ಬದ ಮೇಲೆ. ಈಶ್ವರನ ಅಪ್ಪ ರಾವಸಾಹೇಬ ಮಾತ್ರ ಇಂದಿಗೂ ಅಲ್ಲಿತನಕ ನಡೆದು, ಫ್ಯೂಜು ಕಿತ್ತು ಕಿಸೆಯಲ್ಲಿಟ್ಟುಕೊಂಡೇ ಹೊಳೆಗೆ ಇಳಿಯುವ ಆಸಾಮಿ. "ಫ್ಯೂಜ್ ಕಿಸೇದಾಗ ಇದ್ರ ಜೀವಾನೂ ಕಿಸೇದಾಗ ಇದ್ದಂಗ," ಎನ್ನುತ್ತಿದ್ದ. ಮಗ ನಗುತ್ತಿದ್ದ.

ದಂಡೆಯ ಮೇಲೆ ಫೋನು ಹಿಡಿದು ನಿಂತಿದ್ದವಳು ಈಶ್ವರನ ಹೆಂಡತಿ ಮನೀಷಾ. ಆಟೋ ತೆಗೆಯಲು ನಿನ್ನೆಯವರೆಗೆ ಇದ್ದ ಕೆಂಪು ಗುಂಡಿ ಇವತ್ತು ಕಾಣಲಿಲ್ಲ. 'ಅಪ್‌ಡೇಟ್ ಮಾಡಿ' ಎಂಬ ಒಂದೇ ಗುಂಡಿ. 'ಆಮೇಲೆ' ಎನ್ನುವುದು ಎಲ್ಲೂ ಇಲ್ಲ.

"ಅಪ್‌ಡೇಟ್ ಕೇಳಾಕತ್ತೈತ್ರಿ. ಅದನ್ನ ಮಾಡದ ಒಳಗ ಬಿಡವಲ್ದು."

"ಮಾಡ ಮತ್ತ. ಲಗೂನ ಮಾಡು, ನೀರು ಥಂಡಿ ಐತಿ."

ಹೊಳೆಯ ಹತ್ತಿರ ನೆಟ್‌ವರ್ಕು ತೆವಳುತ್ತದೆ. ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತಿತು, ಮತ್ತೆ ಸರಿಯಿತು. ಅವಳು ಕಣ್ಣು ಕೀಳದೆ ನೋಡುತ್ತಿದ್ದಳು. ಕೊನೆಗೂ ಅದು ತುಂಬಿದಾಗ ಅವಳಿಗೆ ಸಮಾಧಾನವೇ ಆಯಿತು.

"ಆತಾ?"

"ಆತು."

ಆದದ್ದು ಅಪ್‌ಡೇಟು. ಆ್ಯಪು ತೆರೆದುಕೊಂಡಿತು, ಸ್ವಾಗತ ಕೋರಿತು, ಮೊಬೈಲ್ ನಂಬರು ಕೇಳಿತು, ಒಟಿಪಿ ಕಳಿಸುತ್ತೇನೆಂದಿತು. "ಇನ್ನೂ ತಡೀರಿ" ಎಂದು ಅವಳು ತಲೆಯೆತ್ತುವಷ್ಟರಲ್ಲಿ ಈಶ್ವರ ಮುಳುಗಿದ್ದ. ಅಕ್ಕಪಕ್ಕದ ಹೊಲದವರ ಮೋಟರುಗಳೆಲ್ಲ ಒಮ್ಮೆಲೇ ಗುಂಯ್‌ಗುಟ್ಟಿದವು. ಈಶ್ವರನ ಮೋಟರಿನ ಪೈಪೂ ನಡುಗಿತು. ನೀರೊಳಗೆ ಕೇಬಲ್ಲಿನ ಜೋಡಣೆ ಬಿಚ್ಚಿಕೊಂಡಿದ್ದದ್ದು ಗೊತ್ತಾದದ್ದು ಹೆಣ ಎತ್ತಿದ ಮೇಲೆ.

ದಿವಸದ ಕಾರ್ಯ ಮುಗಿದ ಮೇಲೆ ಆ್ಯಪಿನ ಕಂಪನಿಯವನೊಬ್ಬ ಬೈಕಿನಲ್ಲಿ ಬಂದ. ಕೆಟ್ಟವನೇನಲ್ಲ, ಕೊಟ್ಟ ಚಹಾ ಕುಡಿಯಲಾಗದೆ ಕೂತಿದ್ದ.

"ಹಳೇದ್ರಾಗ ದೋಷ ಇತ್ರಿ, ಕಾಕಾ. ಒಬ್ಬರ ಮೋಟರ್ ಇನ್ನೊಬ್ಬರ ಫೋನಿಂದ ಚಾಲೂ ಆಗ್ತಿತ್ತು. ಮಂದಿ ಜೀವಕ್ಕ ಅಪಾಯ ಅಂತನ ಅಪ್‌ಡೇಟ್ ಕಡ್ಡಾಯ ಮಾಡೇವ್ರಿ."

ರಾವಸಾಹೇಬ ಬೈಯುತ್ತಾನೆಂದು ಎಲ್ಲರೂ ಕಾದರು. ಅವನಿಗೆ ಸಿಟ್ಟು ಬರುವಷ್ಟು ಕಸುವೂ ಉಳಿದಿರಲಿಲ್ಲ.

"ಹೊಸಾದು ಮಾಡ್ರಿ, ಬ್ಯಾಡ ಅನ್ನಂಗಿಲ್ಲ," ಎಂದ. "ಬಂದ್ ಮಾಡೂ ಗುಂಡಿ ಒಂದ ಬಿಡಬೇಕಿತ್ತಪಾ."

ಬಂದವನು ಚಹಾ ಹಾಗೇ ಬಿಟ್ಟು ಎದ್ದ. ಬೈಕು ಹೋದ ಮೇಲೆ ಮುದುಕ ಅಂಗಿ ಹಾಕಿಕೊಂಡು ಕಬ್ಬಿನ ಕಡೆ ನಡೆದ. ಬರುವಾಗ ಫ್ಯೂಜುಗಳು ಅವನ ಕಿಸೆಯಲ್ಲಿದ್ದವು. ಯಾರೂ ನೀರಿಗಿಳಿಯುವವರಿರಲಿಲ್ಲ.

ಸಂಜೆ ಒಲೆಯ ಮುಂದಿನಿಂದ ಅತ್ತೆ ಸೋನಾಬಾಯಿ ಎಂದಿನಂತೆ ಕೇಳಿದಳು, "ಊಟ ಆತೇನ, ಮನೀಷಾ?"

ಮನೀಷಾಳ ತಾಟು ಖಾಲಿಯಾಗಿತ್ತು. ಬಾಯಿ ತೆರೆದಳು. ಆ ಮಾತು ಹೊರಗೆ ಬರಲಿಲ್ಲ. ಹಸಿವಿಲ್ಲದಿದ್ದರೂ ಬುಟ್ಟಿಯಿಂದ ಇನ್ನೊಂದು ರೊಟ್ಟಿ ಹಾಕಿಕೊಂಡು ಮುರಿಯತೊಡಗಿದಳು.